ಶ್ರುತಿ ಹಿಡಿದವನ ಸರದಿ

ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆಗೆ ಕರಡಿಮಜಲಿನ ಮೇಳ ಕೇಳಿದವರಲ್ಲಿ, ಸನಾದಿಯವನ ಮಗ್ಗುಲಿಗೆ ನಿಂತು ಒಂದೇ ಸ್ವರವನ್ನು ಊದುವವನ ಮುಖ ನೆನಪಿರುವವರು ಎಷ್ಟು ಮಂದಿ? ಶಹಬಾಸಗಿರಿಯೆಲ್ಲ ರಾಗ ನುಡಿಸಿದವನಿಗೆ. ಶ್ರುತಿ ಹಿಡಿದವನ ಉಸಿರು ಒಂದು ಗಳಿಗೆ ತಪ್ಪಿದಾಗಲೇ ಅಂಥವನೊಬ್ಬನು ಇದ್ದಾನೆಂದು ನಮಗೆ ತಿಳಿಯುವುದು.

ಪಾಶ್ಚಾತ್ಯ ವಾದ್ಯಮೇಳದಲ್ಲಿ ಇದೇ ಪಾಡು ಟ್ಯೂಬಾದ್ದು. 1835ರಲ್ಲಿ ಪ್ರಶಿಯಾದ ವೀಪ್ರೆಕ್ಟ್ ಮತ್ತು ಮೋರಿಟ್ಸ್ ಎಂಬುವರು ಈ ಹಿತ್ತಾಳೆಯ ವಾದ್ಯಕ್ಕೆ ಹಕ್ಕುಪತ್ರ ಪಡೆದರು. ನೂರು ವರ್ಷಕ್ಕೂ ಮಿಕ್ಕಿ ಅದು ಅಡಿಪಾಯದ ಕಲ್ಲಾಗಿಯೇ ಉಳಿಯಿತು. 1954ರ ಜೂನ್ 13ರಂದು ಲಂಡನ್ನಿನಲ್ಲಿ 81 ವರ್ಷದ ವಾನ್ ವಿಲಿಯಮ್ಸರ ಟ್ಯೂಬಾ ಕಾನ್ಸರ್ಟೋವನ್ನು ಫಿಲಿಪ್ ಕ್ಯಾಟಲಿನೆಟ್ ನುಡಿಸಿದಾಗ, ಹಿಂದೆ ಕೂತವನು ಮುಂದೆ ಬಂದ.

ಆಗ ಹುಟ್ಟಿದ ಪ್ರಶ್ನೆ: ಇಂಥ ಕೃತಿಗೆ ಯಾವ ಟ್ಯೂಬಾ ಮೇಲು? ಎಫ್ ಶ್ರುತಿಯದರ ಕೊಳವೆ ಸುಮಾರು 12 ಅಡಿ. ಸಿ ಶ್ರುತಿಯದರದು 16 ಅಡಿ. ಗಿಡ್ಡದರಲ್ಲಿ ಮೇಲಿನ ಸ್ವರಗಳು ಹಗುರಾಗಿ ಏಳುತ್ತವೆ. ಉದ್ದದ್ದು ಇಡೀ ಮೇಳವನ್ನು ಹೊರಬಲ್ಲದು. ಆದರೆ ತೂಗಿ ನೋಡಿದರೆ ವಾದ್ಯಕ್ಕಿಂತ ವಾದಕನೇ ಭಾರವೆಂದು ನನಗೆ ತೋರುತ್ತದೆ. 1944ರಿಂದ 1988ರವರೆಗೆ ಶಿಕಾಗೋ ಮೇಳದಲ್ಲಿದ್ದ ಆರ್ನಲ್ಡ್ ಜೇಕಬ್ಸರು 1977ರಲ್ಲಿ ಇದೇ ಕೃತಿಯನ್ನು ಧ್ವನಿಮುದ್ರಿಸಿದರು. ಅವರ ಶ್ವಾಸಕೋಶದ ಶಕ್ತಿ ಸಾಮಾನ್ಯರಿಗಿಂತ ಕಡಿಮೆ. ಮನಸ್ಸಿನಲ್ಲಿ ಹಾಡು ಮೊದಲು, ಉಸಿರು ಅದರ ಹಿಂದೆ ಎಂಬುದು ಅವರ ಪಾಠ.

ದೂರದ ಮಾತೇಕೆ? ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಆ ವಾದ್ಯವನ್ನು ಒಂದಿಷ್ಟು ಮಾರ್ಪಡಿಸಿ ಗಮಕಕ್ಕೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಅವರ ಕರ್ನಾಟಕ ಸಂಗೀತ ಕೇಳಿಸಿತು. ಬ್ಯಾಂಡಿನ ವಾದ್ಯ ಕಛೇರಿಯ ವಾದ್ಯವಾಯಿತು.

ಹಾಗೆಂದು ಶ್ರುತಿ ಹಿಡಿದವರೆಲ್ಲರೂ ಮುಂದೆ ಬರಲೇಬೇಕೆಂದು ನನ್ನ ವಾದವಲ್ಲ. ಎಲ್ಲರೂ ರಾಗಕ್ಕಿಳಿದರೆ ರಾಗವನ್ನು ಹೊರುವವರು ಯಾರು? ಆದರೆ ನಮ್ಮ ಮೇಳಗಳಲ್ಲಿ ಬಾಳೆಲ್ಲ ಒಂದೇ ಸ್ವರ ಊದಿದವನಿಗೆ ಒಂದು ರಾಗ ಬರುತ್ತದೆಯೇ ಎಂದು ನಾವು ಕೇಳಿದ್ದುಂಟೆ? ಕ್ಯಾಟಲಿನೆಟ್ಟರನ್ನು ಒಬ್ಬರು ಕೇಳಿದರು. ಉತ್ತರ ಇಂದಿಗೂ ಧ್ವನಿಮುದ್ರಿಕೆಯಲ್ಲಿದೆ.