ಮಂಗಳವಾರದ ಎರಡು ಸಾಲು: ಆತಂಕದ ಆರೈಕೆ ನಡೆದುಬಂದ ದಾರಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟು ಚೈನು ಕಡಿದು ಕೊಚ್ಚಿಹೋಯಿತು. ತುಂಬಿದ ಡ್ಯಾಮಿನ ನೀರು ಹೊಳೆಪಾಲಾಗುತ್ತಿದ್ದ ಆ ವಾರ ಗಂಗಾವತಿ ಸೀಮೆಯ ಭತ್ತದ ರೈತರಿಗೆ ನಿದ್ದೆ ಹತ್ತಲಿಲ್ಲವೆಂದರೆ ಅದು ಕಾಯಿಲೆಯಲ್ಲ, ಹತ್ತಿದ್ದರೇ ಸೋಜಿಗ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂತಿತು. ಗೇಟು ಕೂತ ಮೇಲೂ ತಿಂಗಳುಗಟ್ಟಲೆ ಎದೆ ಡವಡವ ಅನ್ನುತ್ತಿದ್ದರೆ, ಸಂತೆಗೆ ಹೋಗಲೂ ಜೀವ ಗಾಬರಿಯಾಗುತ್ತಿದ್ದರೆ ಅದನ್ನು ಆರೈಕೆ ಬೇಡುವ ಆತಂಕವೆನ್ನಬೇಕು. ಈ ಗೆರೆ ಎಲ್ಲಿದೆ ಎಂದು ತಿಳಿಯಲು ವೈದ್ಯವಿದ್ಯೆಗೆ ಬಹಳ ಕಾಲ ಹಿಡಿಯಿತು.

ಹೆದರಿದ ದೇಹ ಕಾದಾಡಲೋ ಓಡಲೋ ಸಜ್ಜಾಗುತ್ತದೆ ಎಂದು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದ್ದ. 1936ರಲ್ಲಿ ಕೆನಡಾದ ಹಾನ್ಸ್ ಸೆಲ್ಯೆ, ಚಳಿ, ಗಾಯ, ವಿಷ ಯಾವುದಕ್ಕೊಡ್ಡಿದರೂ ಇಲಿಗಳ ಒಡಲಲ್ಲಿ ಒಂದೇ ಬಗೆಯ ಹಾನಿ ಕಂಡ: ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಹುಲಿ ಬಂದು ಹೋದರೆ ದೇಹ ಸುಧಾರಿಸಿಕೊಳ್ಳುತ್ತದೆ. ಕುಷ್ಟಗಿ, ಯಲಬುರ್ಗಾದ ಎರೆಹೊಲಕ್ಕೆ ಬಂದ ಬರ, ಬಡ್ಡಿ ಸಾಲ, ಗುಳೆ ಹೋದ ಮಗನ ಚಿಂತೆ ಹಾಗೆ ಬಂದು ಹೋಗುವಂಥವಲ್ಲ.

ನಮ್ಮ ನಾಡಿನಲ್ಲಿ ಮನಸ್ಸಿನ ಚಿಕಿತ್ಸೆ ಶುರುವಾದದ್ದು ಎತ್ತರದ ಗೋಡೆಗಳ ಒಳಗೆ. ಧಾರವಾಡದ ಆಸ್ಪತ್ರೆ 1845ರದು, ಬೆಂಗಳೂರಿನದು 1847ರದು. ಗಂಗಾವತಿ ಸೀಮೆಯ ಹೇಮಗುಡ್ಡದಿಂದ ಧಾರವಾಡ ತೀರ ದೂರವೇನಲ್ಲ, ಆದರೆ ಅದು ಮುಂಬಯಿ ಸರ್ಕಾರದ ಊರು. ಕೊಪ್ಪಳದ ಸೀಮೆ ನಿಜಾಮನದು. ಬೆಂಗಳೂರಿನ ಆಸ್ಪತ್ರೆ, 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಜೊತೆ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿಯವರೆಗೂ ಲೆಕ್ಕಕ್ಕೆ ಬಂದವರು ಮನೆಯವರ ಕೈಮೀರಿದವರು ಮಾತ್ರ. ಒಳಗೊಳಗೇ ಬೇಯುತ್ತ, ದಿನಾ ಹೊಲಕ್ಕೆ ಹೋಗಿ ಬರುತ್ತಿದ್ದವರನ್ನು ಯಾರೂ ಎಣಿಸಲಿಲ್ಲ.

ಅವರನ್ನು ಹುಡುಕಿಕೊಂಡು ಹೋದ ದೊಡ್ಡ ಪ್ರಯತ್ನ ಕರಾವಳಿಯ ಕೋಟದಲ್ಲಿ ನಡೆಯಿತು. ಮನೋವೈದ್ಯರಾದ ಜಿ. ಎಂ. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಲ್ಲಿ ವಿಚಾರಿಸಿ ಬರೆದ ಪುಸ್ತಕ 1976ರಲ್ಲಿ ಬಂತು. ಒತ್ತಡ, ಬದಲಾವಣೆ, ಮನೋವಿಕಾರ ಮೂರನ್ನೂ ಒಂದು ಹಳ್ಳಿಯೊಳಗೆ ನಿಂತು ನೋಡಿದ್ದು, ಮಂತ್ರವಾದಿಯನ್ನೂ ದೈವ ಮೈಮೇಲೆ ಬರುವ ಪಾತ್ರಿಯನ್ನೂ ತಳ್ಳಿಹಾಕದೆ ಅವರ ಬಳಿ ಜನ ಏಕೆ ಹೋಗುತ್ತಾರೆಂದು ಕೇಳಿದ್ದು ಅದರ ಹೆಚ್ಚುಗಾರಿಕೆ. ಅದೇ 1976ರಲ್ಲಿ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ರಾಶಿ’ ಎಂಬ ಹೆಸರಿನಲ್ಲಿ ‘ಕೊರವಂಜಿ’ ಪತ್ರಿಕೆಯ ನಗೆಗಾರರಾಗಿದ್ದ ಇವರೇ ಮನೋರೋಗದ ಬಗ್ಗೆ ಕನ್ನಡದಲ್ಲಿ ಗಂಭೀರವಾಗಿ ಬರೆದದ್ದು ನನಗೆ ಇಂದಿಗೂ ಇಷ್ಟದ ಸಂಗತಿ.

ಚಿಕಿತ್ಸೆ ತುಂಗಭದ್ರೆಯ ಆಚೆ ದಡಕ್ಕೆ ಬಂದದ್ದು 1985ರಲ್ಲಿ. ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆಯ್ದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಕೊಟ್ಟಿತು. ರೋಗಿ ಬೆಂಗಳೂರಿಗೆ ಹೋಗುವ ಬದಲು ಮಾತ್ರೆಯೇ ಊರ ಆಸ್ಪತ್ರೆಗೆ ಬಂತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ಬುನಾದಿ. ಆದರೆ ಅದರ ಮೊದಲ ಗಮನ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲೆ. ಚಿಂತೆಯ ಸರದಿ ಮತ್ತೆ ಹಿಂದೆ ಬಿತ್ತು.

ತಪ್ಪು ಸರ್ಕಾರದ್ದೊಂದೇ ಅಲ್ಲ. ಆತಂಕ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. “ಕೈಕಾಲಾಗ ಬಲ ಇಲ್ರೀ ಡಾಕ್ಟರ್, ಒಂದು ಸಲೈನ್ ಹಚ್ರಿ” ಎನ್ನುತ್ತ ಬರುತ್ತದೆ. ರಘುರಾಮ್, ಚನ್ನಬಸವಣ್ಣ ಮುಂತಾದವರು ಬೆಂಗಳೂರಿನ 80 ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಕಾರಣ ತೋರಿಸಿತು: ಮನಸ್ಸಿನ ಕುಗ್ಗು ಹೆಚ್ಚಿದಂತೆ ನಾಚಿಕೆಯ ಭಾವನೆ ಹೆಚ್ಚಿತ್ತು, ಮೈಯ ನೋವು ಹೇಳಿಕೊಂಡವರಲ್ಲಿ ಅದು ಕಡಿಮೆಯಿತ್ತು. ಸಲೈನಿನ ಬಾಟ್ಲಿಯನ್ನು ನಾಲ್ಕು ಜನರೆದುರು ಹಚ್ಚಿಸಿಕೊಳ್ಳಬಹುದು.

2014ರಲ್ಲಿ ಕರ್ನಾಟಕ ‘ಮನೋಚೈತನ್ಯ’ವನ್ನು ತಂದಿತು: ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರಬೇಕು. ಮಂಗಳವಾರ ಹುಲಿಗಿಯ ಹುಲಿಗೆಮ್ಮ ದೇವಿಯ ವಾರವೂ ಹೌದು. ದಿನ ಗೊತ್ತುಮಾಡಿದವರಿಗೆ ಇದು ಹೊಳೆದಿತ್ತೋ ಇಲ್ಲವೋ, ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸಾಲು ಎರಡಾಯಿತು. ಹುಲಿಗಿಗೆ ಹೋಗುವವರನ್ನೋ ಹೇಮಗುಡ್ಡದ ದುರ್ಗೆಗೆ ಹರಕೆ ಹೊತ್ತವರನ್ನೋ ಹಳಿಯುವುದರಲ್ಲಿ ಅರ್ಥವಿಲ್ಲ. ಇದೇ ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಜನರ ಲಕ್ಷಣಗಳು ಔಷಧಿಯಿಲ್ಲದೆಯೂ ಸುಮಾರು ಶೇಕಡಾ 20ರಷ್ಟು ಇಳಿದಿದ್ದವು. ಬೈಯದೆ ಇರಗೊಟ್ಟ ಜಾಗವೂ ಒಂದಿಷ್ಟು ಔಷಧಿಯೇ. ಆದರೆ ಗುಡಿಯ ಹೆಸರಿನಲ್ಲಿ ಹೊಡೆಯುವ, ಕಟ್ಟಿಹಾಕುವ ಕಡೆಗೆ ಈ ಮಾತು ಸಲ್ಲದು.

ಹಾಗಾದರೆ ಆತಂಕಕ್ಕೆ ನಾಟುವುದು ಯಾವುದು? ನಿದ್ದೆಗೆಂದು ತಂದ ಅಲ್ಪ್ರಜೋಲಾಮ್‌ನಂಥ ಮಾತ್ರೆ ಬೇಗ ಹಿತ ಕೊಟ್ಟು, ಚಟವೂ ಆಗಬಹುದು. ಚೀಟಿ ನವೀಕರಿಸದೆ ನುಂಗುವುದೂ, ಒಮ್ಮೆಗೇ ಬಿಡುವುದೂ ಅಪಾಯ. ಭಯದ ಯೋಚನೆಯನ್ನು ಪ್ರಶ್ನಿಸುವುದು, ಹೆದರಿ ಬಿಟ್ಟ ಕೆಲಸಕ್ಕೆ ಹಂತಹಂತವಾಗಿ ಮರಳುವುದು, ಉಸಿರನ್ನು ನಿಧಾನಕ್ಕೆ ಬಿಡುವುದು ಹೆಚ್ಚು ಬಾಳಿಕೆ ಬರುತ್ತವೆ. ಮಾತಿನ ಆರೈಕೆ ಕೊಡಲು ದೊಡ್ಡ ವೈದ್ಯರೇ ಬೇಕಿಲ್ಲವೆಂದು ಗೋವಾದ ‘ಮಾನಸ್’ ಪ್ರಯೋಗ 2010ರಲ್ಲಿ ತೋರಿಸಿತು. ವಿಕ್ರಮ್ ಪಟೇಲರ ತಂಡ ವೈದ್ಯರಲ್ಲದ ಸ್ಥಳೀಯರನ್ನು ತರಬೇತುಗೊಳಿಸಿ ಕೂರಿಸಿದ ಸರ್ಕಾರಿ ಕೇಂದ್ರಗಳಲ್ಲಿ ಖಿನ್ನತೆ, ಆತಂಕದಿಂದ ಚೇತರಿಸಿಕೊಂಡವರು ಹೆಚ್ಚಾದರು.

ನಿಮ್ಹಾನ್ಸ್‌ನ 2015–16ರ ರಾಷ್ಟ್ರೀಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು, ಕರ್ನಾಟಕ ಅದರಲ್ಲಿರಲಿಲ್ಲ. ವಯಸ್ಕರಲ್ಲಿ ಶೇಕಡಾ 10.6 ಜನರಿಗೆ ಮಾನಸಿಕ ತೊಂದರೆ, ಹೆಚ್ಚಿನವರಿಗೆ ಚಿಕಿತ್ಸೆ ಇಲ್ಲ ಎಂದು ಅದು ಹೇಳಿತು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಸಹಾಯವಾಣಿ ಬಂತು. 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಫೋನು ಇಟ್ಟ ಮೇಲೆ ಎದುರು ಕೂತು ವಾರವಾರ ಕೇಳುವ ಒಬ್ಬರು ಪ್ರತಿ ಆರೋಗ್ಯ ಕೇಂದ್ರದಲ್ಲೂ ಬೇಕು. ಗೋವಾದಲ್ಲಿ ಆದದ್ದು ಯಲಬುರ್ಗಾದಲ್ಲಿ ಆಗಬಾರದೇಕೆ ಎಂದು ಕೊಪ್ಪಳದ ಆರೋಗ್ಯ ಇಲಾಖೆಯನ್ನು ಕೇಳಬೇಕಾದ ಹೊತ್ತು ಇದು.