ಷಟ್ಪದಿ ಕಾಯ್ದ ನೆನಪು

ಶಿವಮೊಗ್ಗದಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ ತುಂಗೆಯ ಒಂದು ದಂಡೆಗೆ ಮತ್ತೂರು, ಇನ್ನೊಂದು ದಂಡೆಗೆ ಹೊಸಹಳ್ಳಿ. ಮತ್ತೂರು ವೇದ, ಸಂಸ್ಕೃತಗಳಿಂದ ಹೆಸರಾದರೆ ಹೊಸಹಳ್ಳಿಯದು ಗಮಕದ ಹೆಸರು. ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅದಕ್ಕೆ ಅರ್ಥ ಹೇಳುವುದು ಗಮಕದ ಪದ್ಧತಿ. ಪುಸ್ತಕ ಕೈಗೆಟುಕದಿದ್ದ ಕಾಲದಲ್ಲಿ ಅಕ್ಷರ ಬಾರದವರಿಗೂ ಹದಿನೈದನೆಯ ಶತಮಾನದ ಕುಮಾರವ್ಯಾಸ ಬಾಯಿಗೆ ಬರುತ್ತಿದ್ದುದು ಹೀಗೆ ಕೇಳಿ ಕೇಳಿ.

ಕೇಳಿದ್ದು ಕೆಡದೆ ಉಳಿಯುವುದು ಸುಲಭವಲ್ಲ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್, ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಕೆಲವರಿಗೆ ಓದಲು ಕೊಟ್ಟು ಮತ್ತೆ ಹೇಳಿಸಿದರು. ಅಪರಿಚಿತ ವಿವರಗಳು ಬಿಟ್ಟುಹೋದವು. ಕೆಲವು ಪರಿಚಿತ ವಸ್ತುಗಳಾಗಿ ಬದಲಾದವು. 1932ರಲ್ಲಿ ಪ್ರಕಟವಾದ ಅವರ ಗ್ರಂಥದ ತಿರುಳು ಇಷ್ಟು: ನೆನಪು ಇಟ್ಟಲ್ಲೇ ಇರುವ ಗಂಟಲ್ಲ, ನೆನೆದಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ.

ಆದರೆ ಬಾರ್ಟ್‌ಲೆಟ್ ಕೊಟ್ಟದ್ದು ಗದ್ಯ. ಕುಮಾರವ್ಯಾಸನದು ಭಾಮಿನಿ ಷಟ್ಪದಿ. ಆರು ಸಾಲುಗಳಲ್ಲಿ ನಾಲ್ಕಕ್ಕೆ 14 ಮಾತ್ರೆ, ಮೂರನೆಯದಕ್ಕೂ ಆರನೆಯದಕ್ಕೂ 23; ಒಟ್ಟು 102. ಮೂರು ನಾಲ್ಕು, ಮೂರು ನಾಲ್ಕು ಎಂದು ನಡೆಯುವ ಲಯ. ಸಾಲದ್ದಕ್ಕೆ ಆರೂ ಸಾಲುಗಳ ಎರಡನೆಯ ಅಕ್ಷರಕ್ಕೆ ಪ್ರಾಸ. 'ಅರಸ' ಎಂಬಲ್ಲಿ ಮರೆತು 'ದೊರೆ' ಎಂದರೆ ಒಂದು ಮಾತ್ರೆ ಕಡಿಮೆಯಾಗಿ ನಡೆ ಕುಂಟುತ್ತದೆ; ಛಂದಸ್ಸು ಓದದವರ ಕಿವಿಗೂ ಅದು ಗೊತ್ತಾಗುತ್ತದೆ. 'ರಾಜ' ಎಂದರೆ ಮಾತ್ರೆ ಸರಿಹೋದೀತು, ಆದರೆ ಸಾಲಿನ ಮೊದಲಲ್ಲಿದ್ದರೆ ಪ್ರಾಸ ಹಿಡಿದುಹಾಕುತ್ತದೆ. ಸಾಲಿನ ನಡುವೆಯಾದರೆ? ಅಲ್ಲಿ ತಪ್ಪು ನುಸುಳಬಹುದು. ಓಲೆಗರಿಗಳಲ್ಲಿ ಪಾಠಾಂತರಗಳು ಸಿಗುವುದಕ್ಕೆ ಇದೂ ಒಂದು ಕಾರಣವಿರಬೇಕು.

ವೇದಪಾಠಿಗಳ ಕಟ್ಟುಪಾಡು ಇನ್ನೂ ಬಿಗಿ. ಘನಪಾಠದಲ್ಲಿ ಮೂರು ಪದಗಳನ್ನು 1-2, 2-1, 1-2-3, 3-2-1, 1-2-3 ಎಂದು ಹಿಂದುಮುಂದಾಗಿ ಹೇಳುತ್ತಾರೆ. ಅರ್ಥದ ಜಾಡು ಹಿಡಿದು ಊಹಿಸಲು ಇಲ್ಲಿ ಎಡೆಯೇ ಇಲ್ಲ. ಗಮಕದಲ್ಲಿ ಹಾಗಲ್ಲ, ಅರ್ಥವೂ ನೆನಪಿಗೆ ಹೆಗಲು ಕೊಡುತ್ತದೆ.

1965ರಲ್ಲಿ ಭದ್ರಾವತಿಗೆ ಆಕಾಶವಾಣಿ ಬಂದಿತು. ಜಗಲಿಯಲ್ಲಿ ಕೂತು ಕೇಳುತ್ತಿದ್ದ ಕಲೆಗಳಿಗೆಲ್ಲ ರೇಡಿಯೋ ದೂರದ ಕಿವಿಗಳನ್ನು ಒದಗಿಸಿತು. ಆದರೆ ಕೇಳುವುದು ಬೇರೆ, ಕಲಿಯುವುದು ಬೇರೆ. ಪದ ಎಲ್ಲಿ ಒಡೆಯಬೇಕು, ದ್ರೌಪದಿಯ ಅಳಲಿಗೆ ಯಾವ ರಾಗ, ಭೀಮನ ಸಿಟ್ಟಿಗೆ ಯಾವುದು ಎಂಬುದು ಅಚ್ಚಾದ ಪುಸ್ತಕದಲ್ಲಿಲ್ಲ. ಧ್ವನಿಮುದ್ರಿಕೆಯಲ್ಲಿ ಉಂಟು, ಆದರೆ ಕಲಿಯುವವನು ತಪ್ಪಿದರೆ ಅದು ತಡೆಯುವುದಿಲ್ಲ.

ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ ಗಮಕಕ್ಕಾಗಿ 2022ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ವಾಚನದ ಧ್ವನಿಮುದ್ರಣಗಳಿವೆ, ಅವರಿಂದ ಕಲಿತ ಶಿಷ್ಯರೂ ಇದ್ದಾರೆ.