ಮಂಜಿನ ಪ್ರಭಾವಲಯ, ಲೇಸರ್ ಚುಕ್ಕೆ: ಬೆಂಗಳೂರಿನ ದ್ಯುತಿವಿಜ್ಞಾನ ಪ್ರಕಟಣೆಗಳನ್ನು ಸಕಲೇಶಪುರ–ಆಲೂರು ಸೀಮೆಯಿಂದ ಓದುವುದು

ಮಳೆಗಾಲ ಹಿಂದೆ ಸರಿದ ಮೇಲೆ ಸಕಲೇಶಪುರ, ಆಲೂರು ಕಡೆಯ ಗುಡ್ಡಗಳ ಮೇಲೆ ರಾತ್ರಿ ಹೊತ್ತು ತೆಳುಮಂಜು ಇಳಿಯುತ್ತದೆ. ಆ ಮಂಜಿನ ಮರೆಯಲ್ಲಿ ಹುಣ್ಣಿಮೆಯ ಆಸುಪಾಸಿನ ಚಂದ್ರನಿದ್ದರೆ ಅವನಿಗೆ ಅಂಟಿಕೊಂಡಂತೆ ಒಂದು ಬೆಳ್ಳನೆಯ ಬಿಲ್ಲೆ, ಅದರಂಚಿಗೆ ಕಂದುಗೆಂಪು, ಮಂಜಿನ ಹನಿಗಳು ಒಂದೇ ಅಳತೆಯವಾಗಿದ್ದರೆ ಅದರಾಚೆಗೆ ಇನ್ನೂ ಒಂದೆರಡು ಬಣ್ಣದ ಬಳೆಗಳು ಕಾಣುತ್ತವೆ. ಎತ್ತರದ ಮೋಡಗಳ ಹಿಮಹರಳುಗಳಲ್ಲಿ ಬೆಳಕು ಬಾಗಿ 22 ಡಿಗ್ರಿ ದೂರದಲ್ಲಿ ಕಟ್ಟುವ ಪರಿವೇಷವೇ ಬೇರೆ, ಇದು ಬೇರೆ. ಇದು ಪ್ರಭಾವಲಯ, ನೀರಿನ ಹನಿಗಳ ಅಂಚನ್ನು ಸವರಿ ಬರುವ ಬೆಳಕಿನ ವಿವರ್ತನೆಯಿಂದ ಆಗುವುದು. ಹನಿಯ ವ್ಯಾಸ 20 ಮೈಕ್ರಾನ್ ಇದ್ದರೆ ಹಸಿರು ಬೆಳಕಿನ ಮೊದಲ ಕಪ್ಪು ಉಂಗುರ ಸುಮಾರು 1.9 ಡಿಗ್ರಿಯಲ್ಲಿ ಬೀಳುತ್ತದೆ. ಹನಿ ಅರ್ಧಕ್ಕಿಳಿದರೆ ಉಂಗುರ ದುಪ್ಪಟ್ಟು ಅಗಲವಾಗುತ್ತದೆ. ಚಂದ್ರಬಿಂಬದ ಅಗಲ ಅರ್ಧ ಡಿಗ್ರಿ. ಅದನ್ನೇ ಅಳತೆಗೋಲಾಗಿ ಹಿಡಿದರೆ ಬಿಸ್ಲೆ ಅಂಚಿನ ದಟ್ಟ ಕಾವಳದ ಹನಿಗೂ ಆಲೂರಿನ ಬಯಲಿಗೆ ತಾಗಿದ ತೆಳುಮಂಜಿನ ಹನಿಗೂ ಇರುವ ಅಂತರವನ್ನು ಬರಿಗಣ್ಣಿನಲ್ಲೇ ಅಂದಾಜು ಮಾಡಬಹುದು.

ಈ ಪ್ರಭಾವಲಯದ ಕುರಿತು 1943ರಲ್ಲಿ ಬೆಂಗಳೂರಿನಿಂದ ಪ್ರಕಟವಾದ ಒಂದು ಲೇಖನವೇ ಇಲ್ಲಿನ ವಿವೇಚನೆಗೆ ಆಧಾರ. ಬರೆದವರು ಜಿ. ಎನ್. ರಾಮಚಂದ್ರನ್. ಮುಂದೆ ಕೊಲಾಜೆನ್ನಿನ ತ್ರಿಸುರುಳಿ ರಚನೆಯಿಂದಲೂ ಪ್ರೊಟೀನುಗಳ ನಕ್ಷೆಯಿಂದಲೂ ಜಗತ್ತಿಗೆಲ್ಲ ಪರಿಚಿತರಾದವರು. ಆಗ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಇದ್ದ, ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿ. ಗಾಜಿನ ಮೇಲೆ ಲೈಕೊಪೋಡಿಯಂ ಬೀಜಕಣಗಳನ್ನು ಉದುರಿಸಿ ಅದರ ಮೂಲಕ ಚಿಕ್ಕದೊಂದು ಬೆಳಕಿನ ಮೂಲವನ್ನು ನೋಡಿದರೆ ಪ್ರಭಾವಲಯ ಮೂಡುತ್ತದೆ. ಆ ಕಣಗಳು ಸುಮಾರು 30 ಮೈಕ್ರಾನಿನವು, ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರದವು. ಮಂಜಿನ ಹನಿಗೆ ಇದಕ್ಕಿಂತ ಒಳ್ಳೆಯ ಬದಲಿ ಸಿಗುವುದು ಕಷ್ಟ. (ಅದೇ ಗುಂಪಿನ ಸಸ್ಯಗಳು ನಮ್ಮ ಘಟ್ಟದ ರಸ್ತೆ ಬದಿಯ ತೇವದ ದರೆಗಳ ಮೇಲೂ ಬೆಳೆಯುತ್ತವೆ.) ರಾಮಚಂದ್ರನ್ ಗಮನಿಸಿದ್ದು ಉಂಗುರಗಳನ್ನಲ್ಲ, ಉಂಗುರಗಳೊಳಗಿನ ಒರಟುತನವನ್ನು. ಹತ್ತಿರದಿಂದ ನೋಡಿದರೆ ಪ್ರಭಾವಲಯ ನುಣುಪಾದ ಬೆಳಕಲ್ಲ. ಒಂದೇ ಬಣ್ಣದ ಬೆಳಕಿನಲ್ಲಿ ಅದು ಕಾಳುಕಾಳಾಗಿ ಒಡೆದಿರುತ್ತದೆ, ಬಿಳಿ ಬೆಳಕಿನಲ್ಲಿ ಆ ಕಾಳುಗಳು ಕೇಂದ್ರದಿಂದ ಹೊರಕ್ಕೆ ಎಳೆಎಳೆಯಾಗಿ ಚಾಚಿರುತ್ತವೆ.

ಕಾರಣ ಹೀಗೆ. ಅಡ್ಡಾದಿಡ್ಡಿ ಬಿದ್ದ ಸಾವಿರಾರು ಕಣಗಳಿಂದ ಬರುವ ಅಲೆಗಳು ಒಂದೊಂದು ದಿಕ್ಕಿನಲ್ಲಿ ಒಂದೊಂದು ಬಗೆಯಲ್ಲಿ ಕೂಡುತ್ತವೆ ಅಥವಾ ಅಳಿಸಿಹೋಗುತ್ತವೆ. ಇಂಥ ಕೂಡುವಿಕೆಯ ಗಣಿತವನ್ನು 19ನೆಯ ಶತಮಾನದಲ್ಲೇ ರೇಲೀ ಕೊಟ್ಟಿದ್ದರು. ಅದರಂತೆ ಒಂದು ಜಾಗದ ಬೆಳಕು ಸರಾಸರಿಗಿಂತ ಕಡಿಮೆ ಇರುವ ಸಂಭವ 63%. ಸರಾಸರಿಯ ಮೂರು ಪಟ್ಟನ್ನು ಮೀರುವ ಸಂಭವ ಬರೀ 5%. ಅಂದರೆ ಹೆಚ್ಚಿನ ಜಾಗ ಮಬ್ಬು, ಅಲ್ಲಲ್ಲಿ ಒಂದೊಂದು ಕಣ್ಣು ಕೋರೈಸುವ ಚುಕ್ಕೆ. ಪ್ರಭಾವಲಯದ ಏರಿಳಿತಕ್ಕೆ ಈ ನಿಯಮ ಸಲ್ಲುತ್ತದೆ ಎಂಬುದು ರಾಮಚಂದ್ರನ್ನರ ವಾದ. ಸಕಲೇಶಪುರದ ಆಕಾಶದಲ್ಲಿ ಈ ಕಾಳುಗಳು ಕಾಣದಿರುವುದಕ್ಕೂ ಇದರಲ್ಲೇ ಉತ್ತರವಿದೆ: ಚಂದ್ರ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ; ಹನಿಗಳು ನಿಂತಲ್ಲಿ ನಿಲ್ಲುವುದಿಲ್ಲ. ಎರಡೂ ಸೇರಿ ಒರಟನ್ನು ತಿಕ್ಕಿ ನುಣುಪು ಮಾಡುತ್ತವೆ.

ಈ ಲೇಖನ ಬಂದು ಹದಿನೇಳು ವರ್ಷವಾದ ಮೇಲೆ, 1960ರ ಮೇ 16ರಂದು, ಥಿಯೊಡೊರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರನ್ನು ಬೆಳಗಿಸಿದರು. ಲೇಸರ್ ಬೆಳಕು ಗೋಡೆಯ ಮೇಲೆ ಬಿದ್ದರೆ ಮಿಣಮಿಣ ಚುಕ್ಕೆಗಳಾಗಿ ಕಾಣುವುದನ್ನು 1962ರಲ್ಲಿ ರಿಗ್ಡೆನ್ ಮತ್ತು ಗಾರ್ಡನ್ ವರದಿ ಮಾಡಿದರು. ಸ್ಪೆಕಲ್ ಎಂಬ ಹೆಸರಿನಲ್ಲಿ ಅದು ದೊಡ್ಡ ಅಧ್ಯಯನ ಕ್ಷೇತ್ರವಾಗಿ ಬೆಳೆಯಿತು. ಗೋಡೆಯ ಉಬ್ಬುತಗ್ಗುಗಳು ಲೈಕೊಪೋಡಿಯಂ ಕಣಗಳ ಜಾಗದಲ್ಲಿ ನಿಂತಿವೆ, ಅಷ್ಟೇ. ಗಣಿತ ಅದೇ, 63% ಮತ್ತು 5%ರ ಲೆಕ್ಕವೂ ಅದೇ. 1972ರಲ್ಲಿ ಪಿ. ಹರಿಹರನ್ ಅವರು ‘ಆಪ್ಟಿಕಾ ಆಕ್ಟಾ’ದಲ್ಲಿ ಸ್ಪೆಕಲ್ ವಿನ್ಯಾಸಗಳ ಇತಿಹಾಸವನ್ನು ಬರೆಯುವ ಹೊತ್ತಿಗೆ, ಲೇಸರಿಗೂ ಮುನ್ನ ಈ ಚುಕ್ಕೆಗಳಿಗೆ ಒಂದು ಬಾಳು ಇತ್ತೆಂಬುದನ್ನು ನೆನಪಿಸಬೇಕಾದ ಸ್ಥಿತಿ ಬಂದಿತ್ತು.

ಪ್ರಕಟವಾದ ಲೇಖನ ತನ್ನ ಓದುಗನನ್ನು ಹೇಗೆ ತಲುಪುತ್ತದೆ ಎಂಬ ಪ್ರಶ್ನೆ ಇಲ್ಲಿಂದ ಏಳುತ್ತದೆ. ರಾಮನ್ ಇದನ್ನು ಚೆನ್ನಾಗಿ ಅರಿತಿದ್ದರು. 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಎದುರು ಅವರು ಹೊಸ ವಿಕಿರಣದ, ಅಂದರೆ ಇಂದು ರಾಮನ್ ಪರಿಣಾಮ ಎನ್ನುವುದರ ಬಗ್ಗೆ ಉಪನ್ಯಾಸ ಕೊಟ್ಟರು. ಮಾರ್ಚ್ 31ರ ಹೊತ್ತಿಗೆ ಅದು ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚಾಗಿತ್ತು, ಪ್ರತಿಗಳು ದೇಶವಿದೇಶದ ಭೌತವಿಜ್ಞಾನಿಗಳಿಗೆ ಅಂಚೆಯಲ್ಲಿ ಹೊರಟಿದ್ದವು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಶ್ಟಾಮ್ ಹರಳುಗಳಲ್ಲಿ ಅದೇ ವಿದ್ಯಮಾನವನ್ನು ಫೆಬ್ರವರಿಯಲ್ಲೇ ಕಂಡಿದ್ದರೂ ಅವರ ಲೇಖನ ಅಚ್ಚಾದದ್ದು ಜುಲೈಯಲ್ಲಿ. ಬೇಗ ಅಚ್ಚು ಹಾಕುವ, ಕೈಗೆಟುಕುವ ಪತ್ರಿಕೆಯೊಂದು ಹತ್ತಿರದಲ್ಲೇ ಇರಬೇಕೆಂಬ ಹಟ ರಾಮನ್ ಅವರಲ್ಲಿ ಕೊನೆಯವರೆಗೂ ಉಳಿಯಿತು. 1932ರಲ್ಲಿ ಬೆಂಗಳೂರಿನಿಂದ ‘ಕರೆಂಟ್ ಸೈನ್ಸ್’ ಶುರುವಾಯಿತು. 1934ರಲ್ಲಿ ರಾಮನ್ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿ ಅದರ ‘ಪ್ರೊಸೀಡಿಂಗ್ಸ್’ ಹೊರತಂದರು.

ಆ ಪತ್ರಿಕೆಯ ಮೊದಲ ವರ್ಷಗಳಲ್ಲೇ, 1935–36ರಲ್ಲಿ, ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಐದು ಭಾಗಗಳಲ್ಲಿ ಶಬ್ದದ ಅಲೆಗಳಿಂದಾಗುವ ಬೆಳಕಿನ ವಿವರ್ತನೆಯನ್ನು ವಿವರಿಸಿದರು. 1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲೂಕಾ ಮತ್ತು ಬಿಕಾರ್ ಪ್ರಯೋಗದಲ್ಲಿ ಕಂಡದ್ದಕ್ಕೆ ಇವರು ಕೊಟ್ಟ ಸಿದ್ಧಾಂತವದು. ಇಂದು ಲೇಸರ್ ಕಿರಣವನ್ನು ಶಬ್ದದಿಂದ ತಿರುಗಿಸುವ, ಕ್ಷಣಾರ್ಧದಲ್ಲಿ ತೆರೆದು ಮುಚ್ಚುವ ಉಪಕರಣಗಳ ಯಾವ ಪಠ್ಯಪುಸ್ತಕವೂ ರಾಮನ್–ನಾಥ್ ಹೆಸರಿಲ್ಲದೆ ಪೂರ್ತಿಯಾಗದು. ಈ ಲೇಖನಮಾಲೆ ತನ್ನ ಓದುಗರನ್ನು ಬೇಗ ಪಡೆಯಿತು. ಜಗತ್ತಿನ ನಾಲ್ಕಾರು ಪ್ರಯೋಗಾಲಯಗಳು ಅದೇ ಪ್ರಶ್ನೆಯಲ್ಲಿ ತೊಡಗಿದ್ದವು, ಜತೆಗೆ ರಾಮನ್ ಹೆಸರೂ ಇತ್ತು.

ಎಸ್. ಪಂಚರತ್ನಂ ಅವರ ಲೇಖನಕ್ಕೆ ಆ ಅದೃಷ್ಟವಿರಲಿಲ್ಲ. ರಾಮನ್ ಅವರ ಸೋದರಳಿಯ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹರಳುಗಳ ಮೇಲೆ ಕೆಲಸ ಮಾಡುತ್ತಿದ್ದ 22ರ ತರುಣ. 1956ರಲ್ಲಿ ‘ಪ್ರೊಸೀಡಿಂಗ್ಸ್’ನ ಎ ವಿಭಾಗದ 44ನೆಯ ಸಂಪುಟದಲ್ಲಿ ವ್ಯತಿಕರಣದ ವಿಸ್ತೃತ ಸಿದ್ಧಾಂತವನ್ನು ಮಂಡಿಸಿದರು. ಬೇರೆ ಬೇರೆ ಧ್ರುವೀಕರಣದ ಎರಡು ಕಿರಣಗಳು ‘ಒಂದೇ ಪ್ರಾವಸ್ಥೆಯಲ್ಲಿವೆ’ ಎನ್ನುವುದು ಯಾವಾಗ? ಕೂಡಿಸಿದಾಗ ಬೆಳಕು ಅತಿ ಹೆಚ್ಚಾದರೆ ಹಾಗೆನ್ನೋಣ ಎಂದರು ಅವರು. ಆಗ ಒಂದು ಅನಿರೀಕ್ಷಿತ ಸಂಗತಿ ಹೊರಬೀಳುತ್ತದೆ: ಮೊದಲನೆಯದು ಎರಡನೆಯದರೊಂದಿಗೆ, ಎರಡನೆಯದು ಮೂರನೆಯದರೊಂದಿಗೆ ಹೊಂದಿದ್ದರೂ ಮೂರನೆಯದು ಮೊದಲನೆಯದರೊಂದಿಗೆ ಹೊಂದಿರಬೇಕೆಂದಿಲ್ಲ. ಎಷ್ಟು ತಪ್ಪುತ್ತದೆ ಎಂಬುದಕ್ಕೂ ನಿಖರ ಉತ್ತರವಿದೆ. ಒಂದೊಂದು ಧ್ರುವೀಕರಣವನ್ನೂ ಒಂದೊಂದು ಬಿಂದುವಾಗಿ ತೋರಿಸುವ ಪ್ವಾಂಕರೇ ಗೋಳದ ಮೇಲೆ ಈ ಮೂರು ಧ್ರುವೀಕರಣಗಳನ್ನು ಗುರುತಿಸಿ ತ್ರಿಕೋನ ಎಳೆದರೆ, ಅದು ಗೋಳದ ನಡುವಿನಲ್ಲಿ ಮಾಡುವ ಘನಕೋನದ ಅರ್ಧದಷ್ಟು. ದ್ಯುತಿವಿಜ್ಞಾನದಲ್ಲಿ ಇಷ್ಟು ಸರಳವಾಗಿ ಹೇಳಬಹುದಾದ, ಇಷ್ಟು ಆಳವಾದ ಮತ್ತೊಂದು ಫಲಿತಾಂಶ ನಮ್ಮ ನೆಲದಿಂದ ಬಂದಿಲ್ಲವೆಂದೇ ನನ್ನ ಎಣಿಕೆ. ಪಂಚರತ್ನಂ 1961ರಿಂದ 64ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕಲಿಸಿದರು, ಆಮೇಲೆ ಆಕ್ಸ್‌ಫರ್ಡಿಗೆ ಹೋದರು, 1969ರಲ್ಲಿ 35ರ ಹರೆಯದಲ್ಲೇ ತೀರಿಕೊಂಡರು. ಅವರ ಬರಹಗಳ ಸಂಪುಟವನ್ನು ಜಿ. ಡಬ್ಲ್ಯು. ಸೀರೀಸ್ 1975ರಲ್ಲಿ ಹೊರತಂದಾಗಲೂ ಈ ಲೇಖನದ ಪೂರ್ಣ ಅರ್ಥ ಹೊರಬಂದಿರಲಿಲ್ಲ.

1984ರಲ್ಲಿ ಮೈಕಲ್ ಬೆರ್ರಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಕ್ವಾಂಟಂ ವ್ಯವಸ್ಥೆಗಳ ಜ್ಯಾಮಿತೀಯ ಪ್ರಾವಸ್ಥೆಯನ್ನು ವಿವರಿಸಿದರು. ಎರಡು ವರ್ಷದ ಮೇಲೆ ‘ಕರೆಂಟ್ ಸೈನ್ಸ್’ನಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಒಂದು ಟಿಪ್ಪಣಿ ಬರೆದು, ಇದರ ಪೂರ್ವರೂಪ 1956ರ ಪಂಚರತ್ನಂ ಲೇಖನದಲ್ಲಿದೆ ಎಂದು ತೋರಿಸಿದರು. 1987ರಲ್ಲಿ ಬೆರ್ರಿ ಅದನ್ನು ಒಪ್ಪಿ, ಪಂಚರತ್ನಂ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟು ಬರೆದರು. 1988ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯೆಲ್ ಲೇಸರ್ ವ್ಯತಿಕರಣಮಾಪಕದಲ್ಲಿ ಆ ಪ್ರಾವಸ್ಥೆಯನ್ನು ಅಳೆದು ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಪ್ರಕಟಿಸಿದರು. ಇಂದು ಕೂದಲಿಗಿಂತ ತೆಳುವಾದ ಚಪ್ಪಟೆ ಮಸೂರಗಳನ್ನು ವಿನ್ಯಾಸ ಮಾಡುವವರು ಪಂಚರತ್ನಂ–ಬೆರ್ರಿ ಪ್ರಾವಸ್ಥೆಯನ್ನು ದಿನನಿತ್ಯ ಬಳಸುತ್ತಾರೆ.

ಪಂಚರತ್ನಂ ಲಂಡನ್ನಿಗೋ ನ್ಯೂಯಾರ್ಕಿಗೋ ಲೇಖನ ಕಳಿಸಿದ್ದರೆ ಮೂವತ್ತು ವರ್ಷ ಕಾಯಬೇಕಿರಲಿಲ್ಲ ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪಲಾರೆ. ಹೆಸರಾಂತ ಪತ್ರಿಕೆಗಳ ಬಾಗಿಲು ಹೇಗಿರುತ್ತದೆ ಎನ್ನುವುದಕ್ಕೆ ಮೈಮನ್ ಅವರೇ ಸಾಕ್ಷಿ: ಮೊದಲ ಲೇಸರಿನ ಲೇಖನವನ್ನು ‘ಫಿಸಿಕಲ್ ರಿವ್ಯೂ ಲೆಟರ್ಸ್’ ತಿರಸ್ಕರಿಸಿತು, ಕೊನೆಗೆ 1960ರ ಆಗಸ್ಟ್ 6ರಂದು ‘ನೇಚರ್’ನಲ್ಲಿ ಅದು ಅಚ್ಚಾಯಿತು. 1956ರಲ್ಲಿ ಧ್ರುವೀಕರಣದ ಜ್ಯಾಮಿತಿಯನ್ನು ಕೇಳುವ ಕಿವಿ ಎಲ್ಲಿಯೂ ಹೆಚ್ಚಿರಲಿಲ್ಲ. ಲೇಸರ್ ಇರಲಿಲ್ಲ, ಬೆರ್ರಿಯ ಪ್ರಶ್ನೆಯೂ ಹುಟ್ಟಿರಲಿಲ್ಲ. ಕಾಲ ಕೂಡಿಬಂದಾಗ ಆ ಲೇಖನವನ್ನು ಎತ್ತಿ ಹಿಡಿದದ್ದು ಯಾರು ಎಂಬುದೇ ಮುಖ್ಯ. ಬೆಂಗಳೂರಿನಲ್ಲೇ ಕೂತು ಆ ಸಂಪುಟಗಳನ್ನು ತಮ್ಮ ಮನೆಯ ಆಸ್ತಿಯೆಂಬಂತೆ ಓದಿದ್ದ ಇಬ್ಬರು. ಅವರು ಹೊಸದನ್ನೂ ಓದುತ್ತಿದ್ದರು, ಹಳೆಯದನ್ನೂ ಬಲ್ಲವರಾಗಿದ್ದರು. ಊರಿನ ಪತ್ರಿಕೆಯೊಂದಕ್ಕೆ ಊರಿನಲ್ಲೇ ಓದುಗರು ಇರುವವರೆಗೆ ಅದರಲ್ಲಿ ಅಚ್ಚಾದದ್ದು ಕಳೆದುಹೋಗುವುದಿಲ್ಲ.

ಅಂಥ ಓದುಗರು ಬೆಂಗಳೂರಿನಲ್ಲಷ್ಟೇ ಇರಬೇಕೆಂಬ ಕಾಲ ಮುಗಿದಿದೆ. ಅಕಾಡೆಮಿಯ ಜಾಲತಾಣದಲ್ಲಿ 1934ರಿಂದ ಇಂದಿನವರೆಗಿನ ಸಂಪುಟಗಳು ಹಣವಿಲ್ಲದೆ ತೆರೆದುಕೊಳ್ಳುತ್ತವೆ. ಸಕಲೇಶಪುರದಲ್ಲೋ ಆಲೂರಿನಲ್ಲೋ ಬಿ.ಎಸ್‌ಸಿ. ಓದುವ ಹುಡುಗಿ ‘ಪ್ರೊಸೀಡಿಂಗ್ಸ್’ನಲ್ಲೇ ಬಂದ ರಾಮಚಂದ್ರನ್ನರ ಮೂಲ ಲೇಖನವನ್ನು ಫೋನಿನಲ್ಲೇ ಓದಬಹುದು. 2025ರ ಜನವರಿಯಿಂದ ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ವಿದೇಶಿ ಮತ್ತು ದೇಶೀ ಪತ್ರಿಕೆಗಳ ಬಾಗಿಲು ತೆರೆದಿದೆ. ಓದುವ ತೊಡಕು ಇಳಿಯಿತು. ಬರೆಯುವ, ಪ್ರಕಟಿಸುವ ತೊಡಕು ಉಳಿದಿದೆ. ಬಡ್ತಿಗಾಗಿ, ಪದವಿಗಾಗಿ ಲೇಖನದ ಎಣಿಕೆ ಕೇಳುವ ವ್ಯವಸ್ಥೆಯಲ್ಲಿ ದುಡ್ಡು ಕಟ್ಟಿಸಿಕೊಂಡು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಮ್ಮೆಲೇ ತೆಗೆಯಬೇಕಾಯಿತು. ಅಂಥ ಪುಟಗಳಲ್ಲಿ ಒಳ್ಳೆಯ ಪ್ರಯೋಗವೊಂದು ಬಿದ್ದರೂ ಅದನ್ನು ಮೂವತ್ತು ವರ್ಷದ ಮೇಲೆ ಹುಡುಕಿ ತೆಗೆಯುವವರು ಸಿಗಲಾರರು. ಸಣ್ಣ ಊರಿನ ಅಧ್ಯಾಪಕರಿಗೆ ಇದರಿಂದ ಆಗುವ ನಷ್ಟವೇ ದೊಡ್ಡದು.

ಈ ಬೆಟ್ಟಸಾಲಿನ ಕಾಲೇಜುಗಳಿಗೆ ಎಟುಕುವ, ನಿಜವಾಗಿ ಬೇಕಾಗಿರುವ ಒಂದು ಸ್ಪೆಕಲ್ ಪ್ರಯೋಗವಿದೆ. ಜೀವವಿರುವ ಬೀಜದ ಮೇಲೆ ಲೇಸರ್ ಬೆಳಕು ಚೆಲ್ಲಿದರೆ ಚುಕ್ಕೆಗಳು ನಿಂತಲ್ಲಿ ನಿಲ್ಲದೆ ಕುದಿಯುವಂತೆ ಮಿಸುಕುತ್ತವೆ. ಒಳಗಿನ ನೀರಿನ, ಕಣಗಳ ಚಲನೆಯೇ ಇದಕ್ಕೆ ಕಾರಣ. ಸತ್ತ ಬೀಜದಲ್ಲಿ ಈ ಮಿಸುಕಾಟ ಬಹಳ ಕಡಿಮೆ. ಜೈವಿಕ ಸ್ಪೆಕಲ್ ಎನ್ನುವ ಈ ವಿಧಾನದ ಮೇಲೆ ಬ್ರೆಜಿಲಿನ ಕಾಫಿ ಸೀಮೆಯಾದ ಮಿನಾಸ್ ಜೆರಾಯ್ಸ್‌ನ ಲಾವ್ರಸ್ ವಿಶ್ವವಿದ್ಯಾಲಯದಲ್ಲಿ ಗಣನೀಯ ಕೆಲಸ ನಡೆದಿದೆ. ನಮ್ಮಲ್ಲಿ ಕಾಫಿ ಬೀಜ ಬಿತ್ತಿ, ಸಸಿ ‘ಟೋಪಿ’ ಹಂತಕ್ಕೆ ಬರಲು ಸುಮಾರು 45 ದಿನ ಕಾಯಬೇಕು. ಬೀಜ ಸತ್ತಿತ್ತೆಂದು ಗೊತ್ತಾಗುವುದು ಆಮೇಲೆ. ಕಾಫಿ ಬೀಜದ ಮೊಳೆಯುವ ಶಕ್ತಿ ಹೆಚ್ಚು ದಿನ ಬಾಳುವುದೂ ಇಲ್ಲ. ಬಿತ್ತುವ ಮೊದಲೇ ಬೀಜದ ಜೀವವನ್ನು ಗುರುತಿಸಬಹುದೇ ಎಂಬ ಪ್ರಶ್ನೆ ಇಲ್ಲಿನ ನರ್ಸರಿಯವರದು, ಬೆಳೆಗಾರರದು.

ಬೇಕಾದದ್ದು 1 ಮಿಲಿವ್ಯಾಟ್ ಮೀರದ ಕೆಂಪು ಲೇಸರ್, ಫೋಕಸ್ ಮತ್ತು ಎಕ್ಸ್‌ಪೋಷರನ್ನು ಕಟ್ಟಿಹಾಕಿದ ಕ್ಯಾಮೆರಾ, ಹೆದ್ದಾರಿಯ ಲಾರಿಗಳ ನಡುಕ ತಾಗದ ಕಲ್ಲಿನ ಮೇಜು. ಅಗ್ಗದ ಲೇಸರಿನ ಬಣ್ಣ ತಾನಾಗಿಯೇ ಅಷ್ಟಿಷ್ಟು ಜಿಗಿಯುತ್ತದೆ, ಆಗ ಚುಕ್ಕೆಗಳೂ ಕದಲುತ್ತವೆ. ಇದನ್ನು ಬೀಜದ ಜೀವವೆಂದು ತಪ್ಪು ತಿಳಿಯದಿರಲು ಅದೇ ಚೌಕಟ್ಟಿನಲ್ಲಿ ಕುದಿಸಿ ಒಣಗಿಸಿದ ಬೀಜವೊಂದನ್ನೂ ಒಂದು ಬಿಳಿ ಹಂಚಿನ ಚೂರನ್ನೂ ಇಡಬೇಕು. ಹಂಚಿನ ಮೇಲೆ ಕದಲಿಕೆ ಕಂಡರೆ ಆ ಅಳತೆಯನ್ನು ಬಿಡಬೇಕು. ಬೀಜದ ತೇವಾಂಶವನ್ನು ತೂಗಿ ಬರೆದಿಡಬೇಕು, ಇಲ್ಲದಿದ್ದರೆ ಅಳೆದದ್ದು ಜೀವವೋ ಹಸಿಯೋ ಎಂಬುದು ತಿಳಿಯದು. ಆಮೇಲೆ ಅದೇ ಬೀಜಗಳನ್ನು ಪಾತಿಯಲ್ಲಿ ಬಿತ್ತಿ, ಮೊಳೆತವು ಯಾವುವು ಎಂದು ಒಂದೊಂದಾಗಿ ಹೊಂದಿಸಬೇಕು. ವಿಮರ್ಶಕರು ಮೊದಲು ಕೇಳುವುದು ಇವನ್ನೇ. ಸೋತ ಅಳತೆಗಳನ್ನೂ ಪಟ್ಟಿಯಲ್ಲಿ ಕೊಟ್ಟರೆ ಲೇಖನದ ಬಲ ಹೆಚ್ಚುತ್ತದೆ.

ಭೌತವಿಜ್ಞಾನದ ಭಾಗಕ್ಕೆ, ಅಂದರೆ ಲೈಕೊಪೋಡಿಯಂ ಪ್ರಭಾವಲಯವನ್ನು ಲೇಸರಿನಲ್ಲಿ ಮರುಮಾಡಿ 63% ಮತ್ತು 5%ರ ಲೆಕ್ಕವನ್ನು ತಾಳೆ ನೋಡುವುದಕ್ಕೆ, 1996ರಿಂದ ಅಕಾಡೆಮಿ ತರುತ್ತಿರುವ ‘ರೆಸೊನೆನ್ಸ್’ ತಕ್ಕ ಜಾಗ. ಬೀಜದ ಫಲಿತಾಂಶ ಹೊಂದಿಕೊಂಡರೆ ‘ಕರೆಂಟ್ ಸೈನ್ಸ್’ಗೆ ಕಳಿಸಬಹುದು. ಇವೆರಡರ ಜತೆಗೆ ಅದೇ ವಿವರಗಳ ಕನ್ನಡ ರೂಪವೊಂದು ಬೇಕು, ಅಂಕಿಅಂಶಗಳ ಸಮೇತ. ಬೀಜ ಕೊಟ್ಟ ನರ್ಸರಿಯವರು ಅದನ್ನು ಓದಿ ತಮ್ಮ ಪಾತಿಯ ಅನುಭವಕ್ಕೆ ಹೋಲಿಸಿ ತಪ್ಪೊಪ್ಪು ಹೇಳುವಂತಿರಬೇಕು. ಇಂಗ್ಲಿಷ್ ಲೇಖನವನ್ನು ವಿಮರ್ಶೆಗೆ ಕಳಿಸುವ ಮುನ್ನವೇ ಈ ಕನ್ನಡ ಪಾಠ ಅವರ ಕೈಸೇರಿದರೆ ತಿದ್ದುವುದಕ್ಕೆ ಇನ್ನೂ ಅವಕಾಶವಿರುತ್ತದೆ.